ಮಧ್ಯಾಹ್ನ ಎರಡು ಗಂಟೆಯ ಓದು

ಪ್ರಶ್ನೆ ಕೇಳುವ ಚಟ ವಿದಾದ್‌ಗೆ ಹುಟ್ಟಿನಿಂದಲೇ ಬಂದದ್ದು. ಬಸ್ರಾದ ಹಳೇ ಪೇಟೆಯ ಮನೆಯಲ್ಲಿ ಆರು ವರ್ಷದವಳಿದ್ದಾಗ ನೀರಿನ ಮೀಟರು ಬಿಚ್ಚಿ, ಒಳಗಿನ ಹಲ್ಲುಚಕ್ರಗಳನ್ನೆಲ್ಲ ಅಮ್ಮ ಅಕ್ಕಿ ಆರಿಸುವ ತಟ್ಟೆಯಲ್ಲಿ ಸಾಲಾಗಿ ಜೋಡಿಸಿದ್ದಳಂತೆ. "ಇವಳನ್ನ ಯಾವನು ಕಟ್ಕೋತಾನೋ, ಅವನ ಹೊಟ್ಟೇನೂ ಬಿಚ್ಚಿ ನೋಡ್ತಾಳೆ" ಎಂದು ಅಮ್ಮ ನೆರೆಯವರ ಮುಂದೆ ಗೋಳಾಡುತ್ತಿದ್ದಳು. ಕಟ್ಟಿಕೊಂಡವನು ಬಂದರಿನ ಗುಮಾಸ್ತ, ದೇವರಂಥ ಮನುಷ್ಯ. ಬಿಚ್ಚಿ ನೋಡುವಂಥದ್ದು ಅವನಲ್ಲಿ ಏನೂ ಇರಲಿಲ್ಲ. ಹೀಗಾಗಿ ಅವಳ ಕುತೂಹಲವೆಲ್ಲ ಎಣ್ಣೆ ಕಂಪನಿಯ ಪಾಲಾಯಿತು.

ಅಲ್ಲಿ ಅವಳದು ಒಳತಪಾಸಣೆಯ ಕೆಲಸ. ಹೊರಗಿನವರು ಬಂದು ತಪ್ಪು ಹುಡುಕುವ ಮೊದಲು ನಮ್ಮವರೇ ಹುಡುಕಿ ತಿದ್ದಿಕೊಳ್ಳಲಿ ಎಂದು ಕಂಪನಿ ಮಾಡಿಕೊಂಡ ಏರ್ಪಾಡು ಅದು. ಬಾವಿಗಳಿಂದ ಬರುವ ಎಣ್ಣೆಯಿಂದ ಗ್ಯಾಸನ್ನೂ ನೀರನ್ನೂ ಬೇರ್ಪಡಿಸುವ ಸ್ಟೇಷನ್ನುಗಳು ಮರಳುಗಾಡಿನಲ್ಲಿ ಅಲ್ಲಲ್ಲಿ ಇದ್ದವು. ವರ್ಷಕ್ಕೊಮ್ಮೆ ಅವಳು ಒಂದೊಂದಕ್ಕೂ ಹೋಗಿ, ಪಟ್ಟಿ ಹಿಡಿದು ಪುಸ್ತಕಗಳನ್ನು ತಿರುವಿ, ತಪ್ಪು ಕಂಡಲ್ಲಿ 'ಲೋಪ' ಎಂದು ಬರೆದು ಬರುತ್ತಿದ್ದಳು. ಹನ್ನೊಂದು ವರ್ಷ ಹೀಗೇ ಮಾಡಿ ಮುಖ್ಯ ತಪಾಸಕಿಯಾಗಿದ್ದಳು, ಮತ್ತು ತನ್ನ ಕಣ್ಣಿಂದ ಏನೂ ತಪ್ಪಿಸಿಕೊಳ್ಳುವುದಿಲ್ಲ ಎಂಬ ಜಂಬ ಅವಳಿಗೆ ಸಾಕಷ್ಟಿತ್ತು.

ಐದನೇ ಸ್ಟೇಷನ್ನಿನಲ್ಲಿ ಅವಳಿಗೆ ಸಿಕ್ಕ ಲೋಪದ ಹೆಸರು ಚಾಸಿಬ್. ಅರವತ್ತರ ಹತ್ತಿರದ ಆಪರೇಟರ್, ಬಾಯಿ ಸ್ವಲ್ಪ ಜೋರು. ಕೋಣೆಯೊಳಗೆ ಅಂಕಿ ತೋರಿಸುವ ಕಂಪ್ಯೂಟರ್ ಪರದೆ ಕೆಟ್ಟು ಬಿಡಿಭಾಗಕ್ಕಾಗಿ ಕಾಯುತ್ತಿದ್ದ ಕಾಲ ಅದು. ಎರಡು ಗಂಟೆಗೊಮ್ಮೆ ಆಪರೇಟರುಗಳೇ ಹೊರಗೆ ನಡೆದು ಹೋಗಿ, ಗ್ಯಾಸು ಬೇರ್ಪಡುವ ದೊಡ್ಡ ಮುಚ್ಚಿದ ತೊಟ್ಟಿಯ ಮೇಲಿನ ಗೇಜಿನಲ್ಲಿ ಒತ್ತಡ ಎಷ್ಟಿದೆ ಎಂದು ಓದಿ ಬರೆಯಬೇಕಿತ್ತು. ಉಳಿದವರೆಲ್ಲ ಬೆಳಗಿನಿಂದ ಸಂಜೆವರೆಗೆ ಹನ್ನೆರಡರ ಆಸುಪಾಸಿನಲ್ಲೇ ಬರೆದರೆ, ಚಾಸಿಬ್‌ನ ಹಾಳೆಯಲ್ಲಿ ಮಾತ್ರ ಮಧ್ಯಾಹ್ನ ಎರಡಕ್ಕೆ ಹದಿಮೂರು, ಹದಿಮೂರೂವರೆ. ಮೊದಲ ವರ್ಷ ವಿದಾದ್ ಹನ್ನೊಂದು ಗಂಟೆಗೆ ತಾನೇ ಹೋಗಿ ಗೇಜು ನೋಡಿದ್ದಳು. ಹನ್ನೆರಡೇ ಇತ್ತು. 'ಆಪರೇಟರ್ ಗೇಜು ತಪ್ಪಾಗಿ ಓದುತ್ತಿದ್ದಾನೆ' ಎಂದು ಬರೆದಳು. ಮರುವರ್ಷವೂ ಅದೇ ಬರೆದಳು. "ಕಂಡದ್ದನ್ನ ಬರೆದೆ, ಅಷ್ಟೇ" ಎಂದಿದ್ದ ಅವನು. ಕಂಡದ್ದು ಹೇಳಿದರೆ ಕೆಂಡದಂಥ ಕೋಪ ಅಂತಾರಲ್ಲ, ಸ್ಟೇಷನ್ನಿನ ಮುಖ್ಯಸ್ಥ ಅಬು ಗಸ್ಸಾನ್‌ಗೆ ಅವನ ಮೇಲೆ ಅಂಥ ಕೋಪ. ಚೆಂದದ ಪುಸ್ತಕಕ್ಕೆ ಈ ಮುದುಕನೊಬ್ಬನೇ ಮಸಿ ಬಳಿಯುತ್ತಾನೆ ಎಂದು.

ಮೂರನೇ ಲೋಪ ಬಂದರೆ ಸ್ಟೇಷನ್ ಬಿಡಿಸಿ ಪೈಪುಗಳ ಗೋದಾಮಿಗೆ ಕಳಿಸುವುದು ನಿಯಮ. ಮೂವತ್ತು ವರ್ಷ ತೊಟ್ಟಿ, ಪಂಪು ಕಾದವನನ್ನು ಪೈಪು ಎಣಿಸಲು ಕೂರಿಸುವುದು.

ಆ ಆಗಸ್ಟಿನಲ್ಲಿ ಮೂರನೇ ತಪಾಸಣೆಗೆ ಬಂದಾಗ, ವಿದಾದ್ ಚಾಸಿಬ್‌ನ ಹಾಳೆ ಬಿಟ್ಟು ಉಳಿದವರ ಹಾಳೆಗಳನ್ನು ಮೊದಲ ಸಲ ಸಾವಕಾಶವಾಗಿ ನೋಡಿದಳು. ಏಕೆ ಹಾಗೆ ಮಾಡಿದಳೋ, ಅವಳಿಗೂ ಗೊತ್ತಿಲ್ಲ. ಕೈಗೆ ಅವೇ ಮೊದಲು ಸಿಕ್ಕಿದ್ದವು, ಅಷ್ಟೇ. ಅರವತ್ತು ದಿನದ ಹಾಳೆಗಳು. ಅರವತ್ತೂ ದಿನ ಹನ್ನೆರಡು ಗಂಟೆಗೆ ಇದ್ದ ಅಂಕಿಯೇ ಎರಡು ಗಂಟೆಗೂ ಇತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಬೇರೆ ಹೊತ್ತಿನಲ್ಲಿ ಅಷ್ಟಿಷ್ಟು ಏರಿಳಿಯುವ ಮುಳ್ಳು ಎರಡು ಗಂಟೆಗೆ ಮಾತ್ರ ಅಲುಗಾಡದೆ ನಿಲ್ಲುತ್ತದೆಯೇ? ಅಷ್ಟು ಶಿಸ್ತು ಅದಕ್ಕೆ ಯಾರು ಕಲಿಸಿದರು?

ಕುತೂಹಲ ಹತ್ತಿದ ಮೇಲೆ ಅವಳನ್ನು ಹಿಡಿಯುವವರಿಲ್ಲ. ಎರಡು ಗಂಟೆಗೆ ನಾನೇ ಹೋಗಿ ನೋಡಿದರಾಯಿತು ಅಂದುಕೊಂಡಳು. ಆಗ ಹೊಳೆಯಿತು: ಹನ್ನೊಂದು ವರ್ಷದಲ್ಲಿ ಯಾವ ಸ್ಟೇಷನ್ನಿನಲ್ಲೂ ಎರಡು ಗಂಟೆಗೆ ಅವಳು ಹೊರಗೆ ಕಾಲಿಟ್ಟಿರಲಿಲ್ಲ.

ಏಕೆಂದರೆ ಆ ಹೊತ್ತು ಊಟದ್ದು. ತಪಾಸಣೆಗೆ ಬಂದವರು ನಮ್ಮಲ್ಲಿ ಮೊದಲು ಅತಿಥಿ, ತಪಾಸಕರಾಗುವುದು ಆಮೇಲೆ. ಒಂದು ಗಂಟೆಗೆ ಊಟದ ಬಟ್ಟೆ ಹಾಸಿದರೆ ನಿಂಬೆಯ ಕರಿ ಚಹಾ ಕುಡಿದು ಏಳುವಾಗ ಮೂರು. ಅಷ್ಟರೊಳಗೆ ಎದ್ದರೆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ಅತಿಥಿಯನ್ನು ಉರಿಬಿಸಿಲಿಗೆ ಬಿಡುವುದಂತೂ ಅದಕ್ಕಿಂತ ಅವಮಾನ. ಹೀಗೆ ಪ್ರೀತಿಯಿಂದಲೇ ಹನ್ನೊಂದು ವರ್ಷ ದಿನದ ಎರಡು ಗಂಟೆಗಳನ್ನು ಅವಳಿಂದ ಮುಚ್ಚಿಟ್ಟಿದ್ದರು. ಮೋಸ ಮಾಡಬೇಕೆಂದು ಯಾರೂ ಮಾಡಿದ್ದಲ್ಲ.

ಅಂದು ದೊಡ್ಡ ತಟ್ಟೆಯಲ್ಲಿ ಸೀಳಿ ಸುಟ್ಟ ಮೀನು, ಕೆಳಗೆ ಅನ್ನ, ಪಕ್ಕದಲ್ಲಿ ಮಾವಿನ ಉಪ್ಪಿನಕಾಯಿ. ಎರಡಕ್ಕೆ ಐದು ನಿಮಿಷವಿರುವಾಗ ವಿದಾದ್ ಕೈ ಒರೆಸಿಕೊಂಡು ಎದ್ದಳು. ಅಬು ಗಸ್ಸಾನ್‌ನ ಕೈಲಿದ್ದ ತುತ್ತು ಅಲ್ಲೇ ನಿಂತಿತು.

"ಏನಾಯ್ತು ವಿದಾದ್ ಮೇಡಂ? ಮೀನು ಬೆಂದಿಲ್ವಾ?"

"ಮೀನು ಚೆನ್ನಾಗಿದೆ. ಒಂದ್ಸಲ ಗೇಜು ನೋಡ್ಕೊಂಡು ಬರ್ತೀನಿ."

"ಈಗಲಾ? ಈ ಬಿಸಿಲಲ್ಲಿ ನೊಣ ಕೂಡ ಹಾರಲ್ಲ! ಕೂತ್ಕೊಳ್ಳಿ ತಾಯಿ, ಗೇಜೇನು ಓಡಿ ಹೋಗುತ್ತಾ? ಊರಲ್ಲಿ ನನ್ನ ಮಾನ ತೆಗೀಬೇಡಿ."

"ಉಂಡ ಮನೆಗೆ ಎರಡು ಬಗೆಯೋಳಲ್ಲ ನಾನು, ಅಬು ಗಸ್ಸಾನ್. ನನ್ನ ಪಾಲು ಹಾಗೇ ಇಟ್ಟಿರಿ, ಬಂದು ಮುಗಿಸ್ತೀನಿ" ಎಂದು ಹೇಳಿ ಅವಳು ಬಾಗಿಲು ತೆಗೆದಳು. ಹಿಂದೆ ಯಾರೋ "ಇವತ್ತಿಗೆ ನಮ್ಮ ಕಥೆ ಮುಗೀತು" ಎಂದದ್ದು ಕೇಳಿಸಿತು.

ಹೊರಗೆ ಚಾಸಿಬ್ ತಲೆಗೆ ಒದ್ದೆ ಬಟ್ಟೆ ಸುತ್ತಿ ಹೊರಟಿದ್ದ. ಅವಳನ್ನು ಕಂಡು ನಿಂತ.

"ಮೂರನೇದನ್ನ ಬಿಸಿಲಲ್ಲೇ ಬರೀತೀರಾ?" ಎಂದ.

"ಮೊದಲು ನೋಡೋಣ, ಅಬು ಮೈಸಮ್." ಹೀಗೆ ಹಿರಿಯ ಮಗನ ಹೆಸರು ಹಿಡಿದು, ಮೈಸಮ್‌ನ ಅಪ್ಪ ಎಂದು ಮರ್ಯಾದೆಯಿಂದ ಅವನನ್ನು ಅವಳು ಕರೆದದ್ದು ಅದೇ ಮೊದಲು.

ಕಬ್ಬಿಣದ ಮೆಟ್ಟಿಲಿನ ಕಂಬಿ ಮುಟ್ಟುವ ಹಾಗಿರಲಿಲ್ಲ. ಮೇಲೆ ಹೋಗಿ ಗೇಜಿನ ಮುಂದೆ ನಿಂತಾಗ ಚಾಸಿಬ್ ಜೇಬಿನಿಂದ ದಪ್ಪ ಕನ್ನಡಕ ತೆಗೆದು ಹಾಕಿಕೊಂಡ. ನೋಡಿದ. ಹಾಳೆಯ ಮೇಲೆ ಏನೋ ಬರೆದು, ಅದನ್ನು ಎದೆಗೆ ಒತ್ತಿ ಮುಚ್ಚಿಕೊಂಡ.

"ಈಗ ನೀವು ಓದಿ" ಎಂದ.

ವಿದಾದ್ ಗೇಜಿನ ಮಟ್ಟಕ್ಕೆ ಬಗ್ಗಿ ನೋಡಿದಳು. ಕಣ್ಣಿಗಿಳಿದ ಬೆವರು ಒರೆಸಿಕೊಂಡು ಮತ್ತೆ ನೋಡಿದಳು. "ಹದಿಮೂರೂವರೆ."

"ನಿಮಗೂ ಅಷ್ಟೇ ಕಾಣ್ತಿದೆಯಾ?" ಎಂದು ಕೇಳಿ ಹಾಳೆ ತೋರಿಸಿದ. ಅದರಲ್ಲೂ ಹದಿಮೂರೂವರೆ. ಜೋರು ಬಾಯಿಯ ಮನುಷ್ಯ ಮೆಲ್ಲಗೆ ಕನ್ನಡಕ ಕಳಚಿದ.

"ಎರಡನೇ ಲೋಪ ಬಂದ್ಮೇಲೆ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ. ಕಣ್ಣು ಚೆನ್ನಾಗಿದೆ ಅಂದ್ರು. ನಾನು ನಂಬಲಿಲ್ಲ. ಕಂಪನಿ ಕಾಗದದಲ್ಲಿ ತಪಾಸಣೆಯವರೇ ಬರೆದಿದ್ದಾರೆ, ಡಾಕ್ಟರಿಗೇನು ಗೊತ್ತು ಅಂತ ಇನ್ನೊಬ್ರ ಹತ್ರ ಹೋಗಿ ಕಾಡಿಬೇಡಿ ಈ ಕನ್ನಡಕ ಬರೆಸ್ಕೊಂಡೆ. ಹಾಕಿದ್ರೆ ತಲೆ ಸುತ್ತುತ್ತೆ."

ತಾನು ತಪ್ಪು ಬರೆದದ್ದು ಒಂದು ಹಾಳೆಯ ಮೇಲೆ ಎಂದು ವಿದಾದ್ ಅಂದುಕೊಂಡಿದ್ದಳು. ಅದು ಹೋಗಿ ಒಬ್ಬನ ಕಣ್ಣಿನೊಳಗೆ ಕೂತಿತ್ತು. ನಾಚಿಕೆಯಿಂದ ಅವನ ಮುಖ ನೋಡಲಾಗದೆ, "ಮಧ್ಯಾಹ್ನ ಯಾಕೆ ಏರುತ್ತೆ ಇದು?" ಎಂದು ಮಾತ್ರ ಕೇಳಿದಳು.

"ಯಾರಾದ್ರೂ ಕೇಳ್ಲಿ ಅಂತ ಎರಡು ವರ್ಷದಿಂದ ಕಾಯ್ತಿದೀನಿ. ಬನ್ನಿ."

ಗ್ಯಾಸನ್ನು ಒತ್ತಿ ಊರಿನ ಕೊಳವೆಗೆ ಕಳಿಸುವ ಯಂತ್ರದ ಹತ್ತಿರ ಕರೆದುಕೊಂಡು ಹೋದ. ಅದನ್ನು ತಣ್ಣಗಿಡುವ ಫ್ಯಾನುಗಳ ಹಿಂದಿನ ಜಾಲರಿಗೆ ಮರಳುದೂಳು ಮೆತ್ತಿ ಕಂಬಳಿಯ ಹಾಗೆ ದಪ್ಪಗಾಗಿತ್ತು. ಬಿಸಿಲು ನೆತ್ತಿಗೇರಿದಾಗ ಯಂತ್ರ ಉಸಿರು ಕಟ್ಟಿ ನಿಧಾನವಾಗುತ್ತದೆ, ಗ್ಯಾಸು ಹಿಂದೆ ಉಳಿದು ತೊಟ್ಟಿಯ ಒತ್ತಡ ಏರುತ್ತದೆ, ಹೆಚ್ಚಾದದ್ದು ಎತ್ತರದ ಕೊಳವೆಯ ಬಾಯಲ್ಲಿ ಸುಟ್ಟು ಹೋಗುತ್ತದೆ. ನಾಲ್ಕು ಗಂಟೆಯ ಮೇಲೆ ಎಲ್ಲ ಮೊದಲಿನಂತೆ. ಈ ಸ್ಟೇಷನ್ನಿನಿಂದ ಬರಬೇಕಾದಷ್ಟು ಗ್ಯಾಸು ಬರುತ್ತಿಲ್ಲವೆಂದು ಪರದೇಶದ ಸಲಹೆಗಾರರು ಎರಡು ಸಲ ಬಂದು ಕೊಳವೆ ಸೋರುತ್ತಿದೆಯೇ ಎಂದು ಹುಡುಕಿ ಹೋಗಿದ್ದರು. ಅವರಿಗೂ ಒಂದರಿಂದ ಮೂರರವರೆಗೆ ಮೀನೂಟ ಆಗಿತ್ತು.

"ಜಾಲರಿ ತೊಳೀರಿ ಅಂತ ಹೇಳಿದೆ. ಗೇಜು ಓದೋಕೆ ಬರದವನ ಮಾತು ಯಾರು ಕೇಳ್ತಾರೆ?" ಎಂದ ಚಾಸಿಬ್.

ಮರುದಿನ ಕಚೇರಿಯಲ್ಲಿ ಅವಳ ಮೇಲಧಿಕಾರಿ ರಾಫಿದ್ ಎಲ್ಲವನ್ನೂ ಕೇಳಿ ಮೇಜು ಕುಟ್ಟಿ ಸಂತೋಷಪಟ್ಟ.

"ಶಹಬ್ಬಾಸ್! ಜಾಲರಿ ತೊಳೆದಿಲ್ಲ, ಬಿಸಿಲಿಗೆ ಹೆದರಿ ಎರಡು ಗಂಟೆ ಓದು ಹನ್ನೆರಡು ಗಂಟೆದರ ನಕಲು, ಎರಡು ಹೊಸ ಲೋಪ ಬರೀರಿ. ಹಳೇದನ್ನ ಮಾತ್ರ ಕೆದಕಬೇಡಿ."

"ಹಳೇದು ಹಾಗೇ ಇದ್ರೆ ಚಾಸಿಬ್ ಮೇಲೆ ಎರಡು ಲೋಪ ಉಳಿಯುತ್ತಲ್ಲ ಸರ್. ಅಬು ಗಸ್ಸಾನ್ ಇನ್ನೊಂದು ನೆಪ ಹುಡುಕಿ ಅವನನ್ನ ಗೋದಾಮಿಗೆ ಹಾಕ್ತಾನೆ."

"ಗೋದಾಮಲ್ಲಿ ನೆರಳಿದೆ, ಆರಾಮಾಗಿರ್ತಾನೆ. ಅಕ್ಟೋಬರಿಗೆ ಹೊರಗಿನ ತಪಾಸಕರು ಬರ್ತಾರೆ. ನಮ್ಮ ಒಳತಪಾಸಣೆಯೇ ತಪ್ಪು ಅಂತ ನೀವೇ ಬರೆದ್ರೆ ಮುಖ್ಯ ತಪಾಸಕಿ ಪಟ್ಟ ನಿಮ್ಮ ಹತ್ರ ಉಳಿಯುತ್ತಾ? ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೋತೀರಾ?"

ಅವಳು ತನ್ನ ಮೇಜಿಗೆ ಬಂದು ಕೂತಳು. ಪಟ್ಟ ಹೋಗುವುದು ಬೇಸರವೇ. ಬೇಸರವಿಲ್ಲ ಎಂದರೆ ಸುಳ್ಳಾದೀತು. ಆದರೆ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ: ಕಂಡದ್ದನ್ನೆಲ್ಲ ಬಿಚ್ಚಿ ನೋಡುವ ನಾನು, ಎಲ್ಲರೂ ಒಂದೇ ಬರೆದರು ಎಂಬ ಒಂದೇ ಕಾರಣಕ್ಕೆ ಅದನ್ನು ಹೇಗೆ ನಂಬಿದೆ? ಲೋಪದ ಹಾಳೆ ತೆಗೆದು, 'ಹೊಣೆ ಯಾರದು' ಎಂಬ ಸಾಲಿನಲ್ಲಿ ತನ್ನ ಪೂರ್ತಿ ಹೆಸರು ಬರೆದಳು.

ಜಾಲರಿ ತೊಳೆದ ವಾರದಲ್ಲೇ ಎರಡು ಗಂಟೆಯ ಮುಳ್ಳು ಹನ್ನೆರಡರ ಹತ್ತಿರ ಇಳಿಯಿತು. ಎಲ್ಲ ಸ್ಟೇಷನ್ನುಗಳಲ್ಲೂ ತಪಾಸಕರ ಊಟ ಮೂರು ಗಂಟೆಯ ಮೇಲೆ ಎಂದು ಸುತ್ತೋಲೆ ಬಂತು. ಅಡಿಗೆಯವರು ಬೈದುಕೊಂಡರು. ಚಾಸಿಬ್ ಐದನೇ ಸ್ಟೇಷನ್ನಿನಲ್ಲೇ ಉಳಿದ. ವಿದಾದ್ ಮಾತ್ರ ತಾನೇ ಕಲಿಸಿದ್ದ ಹುಡುಗಿಯ ಕೈಕೆಳಗೆ ಒಂದು ವರ್ಷ ಸಹಾಯಕಿಯಾಗಿ ಹೋಗಬೇಕಾಯಿತು.

ಹಳೆಯ ಲೋಪಗಳನ್ನು ರದ್ದು ಮಾಡಿದ ಕಾಗದವನ್ನು ಅವಳೇ ಒಯ್ದು ಚಾಸಿಬ್‌ಗೆ ಓದಿ ಹೇಳಿದಳು: 'ಆಪರೇಟರ್ ಚಾಸಿಬ್ ಅವರ ಓದು ಎರಡೂ ವರ್ಷ ಸರಿಯಾಗಿತ್ತು. ತಪ್ಪು ತಪಾಸಣೆ ಮಾಡಿದ ನನ್ನದು.'

ಅವನು ಇನ್ನೊಮ್ಮೆ ಓದಿಸಿಕೊಂಡ.

"ಇದರದ್ದೊಂದು ನಕಲು ಕೊಡ್ತೀರಾ?"

"ಅಬು ಗಸ್ಸಾನ್‌ಗೆ ಈಗಾಗ್ಲೇ ಕಳಿಸಿದೀವಿ."

"ಅವನಿಗಲ್ಲ, ಮನೆಯವಳಿಗೆ" ಎಂದ ಚಾಸಿಬ್. "ಎರಡು ವರ್ಷದಿಂದ ಅವಳು ನನ್ನ ಕೈ ಹಿಡ್ಕೊಂಡೇ ರಸ್ತೆ ದಾಟಿಸ್ತಿದಾಳೆ."