ಖಾಲಿ ಮಷಿನ್ನು ಕಾದ ಮಧ್ಯಾಹ್ನ

ದೆವ್ವ, ಭೂತ, ಸತ್ತವರ ಸುಳಿದಾಟ ಇಂಥ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ಮುಂಡರಗಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಸಾವನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಹೋದವರು ಹೋದರು, ಹಾಸಿಗೆಯ ಚಾದರ ಬದಲಿಸಿದರೆ ಮುಗಿಯಿತು. ಯಾರಾದರೂ ಅಂಥ ಕಥೆ ಶುರು ಮಾಡಿದರೆ ಮುಖದ ಮೇಲೇ ನಕ್ಕುಬಿಡುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕುಳಿತಿದ್ದೇನೆ. ನೀವು ನಗುವುದಾದರೆ ನಗಿರಿ, ನನಗೇನೂ ಬೇಜಾರಿಲ್ಲ.

ನಮ್ಮಪ್ಪ ಲಕ್ಷ್ಮೇಶ್ವರದಲ್ಲಿ ಮೈಕ್ ಸೆಟ್ ಇಟ್ಟುಕೊಂಡಿದ್ದ. ಮದುವೆ, ಭಜನೆ, ಪುರಾಣ ಏನೇ ಇದ್ದರೂ ಸುತ್ತಲಿನ ಹಳ್ಳಿಯವರು ಅವನನ್ನೇ ಕರೆಯುತ್ತಿದ್ದರು. ಅವನ ಆಂಪ್ಲಿಫೈಯರಿಗೆ ಮನೆಯಲ್ಲಿ ನಾವೆಲ್ಲ ‘ಮಷಿನ್ನು’ ಎನ್ನುತ್ತಿದ್ದೆವು. ಹಳೆಯ ಕಾಲದ್ದು, ಒಳಗೆ ಗಾಜಿನ ವಾಲ್ವ್‌ಗಳು, ಮೇಲೆ ತೂತು ತೂತಿನ ತಗಡು. ಗುಂಡಿ ಹಾಕಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ವಾಲ್ವ್‌ಗಳು ನಿಧಾನವಾಗಿ ಕೆಂಪಾಗಿ, ಪೆಟ್ಟಿಗೆ ಕಾದು, ಸಣ್ಣಗೆ ಗುಂಯ್ ಎಂದ ಮೇಲೆಯೇ ದನಿ. ಅಪ್ಪ ತಗಡಿನ ಮೇಲೆ ಅಂಗೈ ಇಟ್ಟು ಕಾವು ನೋಡಿ ಆಮೇಲೆ ಮೈಕು ಕೊಡುತ್ತಿದ್ದ. ಅಲ್ಲಿಯವರೆಗೆ ಎಂಥ ದೊಡ್ಡ ಮನುಷ್ಯನಾದರೂ ಕಾಯಬೇಕು. ಹಾಕಿದ ಕೂಡಲೇ ದನಿ ಕೊಡುವ ಟ್ರಾನ್ಸಿಸ್ಟರ್ ಬಂತು, ಐಸಿ ಬೋರ್ಡು ಬಂತು, ಊರಿನವರೆಲ್ಲ ಬದಲಾಯಿಸಿಕೊಂಡರು. ಅಪ್ಪ ಜಗ್ಗಲಿಲ್ಲ. ಒಂದು ವಾಲ್ವ್ ಹೋದರೆ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡುತ್ತಿದ್ದ. ಅದೇ ನಂಬರಿನದು ಸಿಗದಿದ್ದರೆ ಅದಕ್ಕೆ ಹೊಂದುವ ಇನ್ನೊಂದನ್ನು ತಂದು ಕೂರಿಸುತ್ತಿದ್ದ.

ಅವನು ಹಾಸಿಗೆ ಹಿಡಿದಾಗ ರಜೆ ಹಾಕಿ ನೋಡಿಕೊಂಡವಳು ನಾನು. ಆಗ ಅವನು ಕೇಳಿಕೊಂಡದ್ದು ಇಷ್ಟೇ. “ಮಷಿನ್ನ ಕೆಟ್ರ ಕೆಡ್ಲಿ ಯವ್ವಾ, ಮೂಲ್ಯಾಗ ಇಡ್ರಿ. ವಾಲ್ವ್ ಕಿತ್ತು ಬ್ಯಾರೆ ಬೋರ್ಡ್ ಮಾತ್ರ ಹಾಕಬ್ಯಾಡ್ರಿ.” ಅಣ್ಣ ಈರಣ್ಣನೂ ಮಗ್ಗುಲಲ್ಲೇ ಇದ್ದ. “ಆತಪ್ಪಾ” ಎಂದು ಅಪ್ಪನ ಕೈ ಹಿಡಿದುಕೊಂಡ.

ಅಪ್ಪನ ವರ್ಷದ ಕಾರ್ಯಕ್ಕೆ ಅವನದೇ ಮಷಿನ್ನಿನಲ್ಲಿ ಭಜನೆ ಆಗಬೇಕು ಎಂದವನೂ ಅಣ್ಣನೇ. ನನಗೆ ಹಿಗ್ಗಾಗಿತ್ತು. ಬೆಳಿಗ್ಗೆ ಧೂಳು ಒರೆಸೋಣವೆಂದು ಎತ್ತಿದರೆ ಒಂದೇ ಕೈಗೆ ಬಂತು. ಮೊದಲು ಅದನ್ನು ಎತ್ತಲು ಇಬ್ಬರು ಬೇಕಿತ್ತು. ಹಿಂದಿನ ಜಾಲರಿಯಲ್ಲಿ ಇಣುಕಿದೆ. ವಾಲ್ವ್ ಕೂರಿಸುವ ಸಾಕೆಟ್‌ಗಳು ಖಾಲಿ, ಭಾರದ ಟ್ರಾನ್ಸ್‌ಫಾರ್ಮರೂ ಇಲ್ಲ. ಮೂಲೆಯಲ್ಲಿ ಅಂಗೈಯಗಲದ ಒಂದು ಬೋರ್ಡು ಕೂತಿತ್ತು.

“ವಾಲ್ವ್ ಎಲ್ಲಿ ಹೋದ್ವು ಅಣ್ಣಾ?”

“ಪುಣೇದಾಂವ ಒಬ್ಬ ಬಂದಿದ್ದ, ಹಳೇ ಸಾಮಾನು ಕೂಡಸಾಂವ. ಒಯ್ದ. ಇಲ್ಲಿ ಧೂಳ ತಿನ್ನೂದಕ್ಕಿಂತ ಚಲೋ ಆತಲ್ಲ.”

“ಅಪ್ಪಗ ಮಾತು ಕೊಟ್ಟಿದ್ದಿ.”

“ಸತ್ತಾಂವ ಬಂದು ಕೇಳ್ತಾನೇನು? ಮಂದಿ ಬರೂ ಹೊತ್ತಾತು, ಸುಮ್ನಿರು.”

ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಆದರೂ ಮಧ್ಯಾಹ್ನದವರೆಗೆ ತಡೆದುಕೊಂಡೆ. ಜನ ಸೇರಿದ ಮೇಲೆ ಅಣ್ಣ ಕೈಮುಗಿದು, “ಅಪ್ಪನ ಮಷಿನ್ನ ಅಪ್ಪ ಇಟ್ಟಂಗ ಐತಿ ನೋಡ್ರಿ. ಒಂದು ವಾಲ್ವ್ ಸುದ್ದಾ ಮುಟ್ಟಿಲ್ಲ” ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ.

“ಸುಳ್ಳ ಹೇಳ್ತಾನ್ರಿ. ವಾಲ್ವ್ ಎಲ್ಲಾ ಮಂದಿಗೆ ಕೊಟ್ಟಾನ. ಗುಂಡಿ ಹಾಕಿದ ಕೂಡ್ಲೆ ದನಿ ಬರತೈತಿ, ನಿಮಗ ಗೊತ್ತಾಗತೈತಿ ನೋಡ್ರಿ.”

ಅಪ್ಪನ ಹಳೆಯ ಗೆಳೆಯ, ಭಜನೆಯ ಗುರಪ್ಪಜ್ಜ, ಮೈಕು ಹಿಡಿದು ಕಾಯುತ್ತಿದ್ದ. ಅಣ್ಣ ನನ್ನನ್ನು ನುಂಗುವಂತೆ ನೋಡಿ ಗುಂಡಿ ಹಾಕಿದ.

ದನಿ ಬರಲಿಲ್ಲ. ಅಜ್ಜ ಮೈಕಿಗೆ ಊದಿದ. ಏನೂ ಇಲ್ಲ. ಬೋರ್ಡು ಕೆಟ್ಟಿರಬೇಕು ಎಂದುಕೊಳ್ಳುವಷ್ಟರಲ್ಲಿ ಗುಂಯ್ ಎಂಬ ಸದ್ದು ನಿಧಾನಕ್ಕೆ ಏರತೊಡಗಿತು. ಕಾದ ಧೂಳಿನ ವಾಸನೆ ಬಂತು. ಮಷಿನ್ನಿನ ಹಿಂದೆ, ಗೋಡೆಯ ಮೇಲೆ, ಮಂದವಾದ ಕೆಂಪು ಬೆಳಕು ಬಿದ್ದಿತ್ತು. ಅಣ್ಣ ಅಪ್ಪನ ರೂಢಿಯಂತೆಯೇ ತಗಡಿನ ಮೇಲೆ ಅಂಗೈ ಇಟ್ಟವನು ತಟ್ಟನೆ ಕಿತ್ತುಕೊಂಡು ಬಗಲಿಗೆ ಒತ್ತಿಕೊಂಡ. ಆಮೇಲೆ ಗುರಪ್ಪಜ್ಜನ ದನಿ ಹೊರಬಂತು, ಅಪ್ಪನಿದ್ದಾಗ ಬರುತ್ತಿದ್ದ ಹಾಗೆಯೇ ಮೆತ್ತಗೆ, ತುಂಬಿಕೊಂಡು. ಅಜ್ಜ ಹಾಡು ನಿಲ್ಲಿಸಿ ಕಣ್ಣೊರೆಸಿಕೊಂಡ.

“ಇದು ನಿಮ್ಮಪ್ಪನ ಮಷಿನ್ನನ ಐತಿ. ಹಿಂಗ್ಯಾಕ ಅಂದಿ ಯವ್ವಾ? ಇಂಥಾ ದಿನಾ ಒಡಹುಟ್ಟಿದಾಂವನ ಮ್ಯಾಲೆ ಹಗಿ ಸಾಧಸ್ತಾರೇನು?”

“ಹಿಂದ ತೆರದು ನೋಡ್ರಿ ಅಜ್ಜಾ” ಎಂದು ಅಂಗಲಾಚಿದೆ. ಯಾರೂ ಏಳಲಿಲ್ಲ. ಯಾರೋ ನನ್ನ ಸೆರಗು ಜಗ್ಗಿ ಕೂರಿಸಿದರು. ಭಜನೆ ಸಾಗಿತು. ಊಟದ ಪಂಕ್ತಿಯಲ್ಲಿ ನನ್ನ ಮಗ್ಗುಲಿಗೆ ಕೂತಿದ್ದ ಚಿಕ್ಕಮ್ಮ ಎಲೆ ಎತ್ತಿಕೊಂಡು ಆಚೆ ಸರಿದಳು.

ಜನ ಚದುರಿದ ಮೇಲೆ ಅಣ್ಣನ ಎದುರಿಗೇ ಹಿಂದಿನ ತಗಡು ಬಿಚ್ಚಿದೆ. ಬೆಳಿಗ್ಗೆ ಕಂಡದ್ದೇ. ಸಾಕೆಟ್‌ಗಳು ಖಾಲಿ, ಅವುಗಳ ಮೇಲಿನ ಜೇಡರ ಬಲೆ ಕೂಡ ಹರಿದಿರಲಿಲ್ಲ. ಅಣ್ಣನ ಅಂಗೈಯಲ್ಲಿ ಮಾತ್ರ ಗುಳ್ಳೆಗಳು ಎದ್ದಿದ್ದವು.

“ಏನಿದು?”

“ಚಹಾ ಚೆಲ್ತು.”

ಸುಟ್ಟ ಗಾಯ ನನಗೆ ಹೊಸದೇ? ಚೆಲ್ಲಿದ ಚಹಾ ಹರಿದಲ್ಲೆಲ್ಲ ಸುಡುತ್ತದೆ. ಇವನ ಅಂಗೈಯಲ್ಲಿ ತೂತು ತಗಡಿನ ಸಾಲುಗಳು ಅಚ್ಚೊತ್ತಿದ್ದವು. ಮುಲಾಮು ಹಚ್ಚಿ ಪಟ್ಟಿ ಕಟ್ಟಿದೆ. ಕೊನೆಗೆ ತಡೆಯಲಾರದೆ, “ಖರೆ ಹೇಳು, ಆ ಕೆಂಪು ಬೆಳಕು ನೋಡ್ದಿಲ್ಲೋ?” ಎಂದೆ.

“ನಾ ಏನೂ ನೋಡಿಲ್ಲ. ನೀನೂ ನೋಡಿಲ್ಲ” ಎಂದ.

ಇದಾಗಿ ಕೆಲವು ವರ್ಷಗಳಾದವು. ತಿಳಿದವರನ್ನು ಕೇಳಿದ್ದೇನೆ. ಬೋರ್ಡು ಕೆಟ್ಟರೂ ಗುಂಯ್ ಎನ್ನುತ್ತದೆ, ಕಾಯುತ್ತದೆ ಎಂದರು. ಆ ಬೆಳಕಿಗೆ, ಆ ದನಿಗೆ ಯಾರ ಹತ್ತಿರವೂ ಉತ್ತರವಿಲ್ಲ. ಲಕ್ಷ್ಮೇಶ್ವರದಲ್ಲಿ ಇವತ್ತಿಗೂ ಅಣ್ಣ ಅಪ್ಪನ ಮಾತು ಉಳಿಸಿಕೊಂಡ ಮಗ. ನಾನು ಅಪ್ಪನ ಕಾರ್ಯದಲ್ಲಿ ಸುಳ್ಳಾಡಿ ಜಗಳ ತೆಗೆದ ಮಗಳು. ಆ ಊರಿಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಅಂದು ಬಂದದ್ದು ಅಪ್ಪನೇ ಎಂದು ನಂಬಲು ನನಗೆ ಮನಸ್ಸಿಲ್ಲ. ಹಾಗೆ ನಂಬಿದರೆ, ಕೊನೆಯುಸಿರಿನ ತನಕ ಅವನ ಹೇಸಿಗೆ ಬಳಿದ ಮಗಳನ್ನು ಹತ್ತು ಜನರ ಮುಂದೆ ಸುಳ್ಳುಗಾರ್ತಿ ಮಾಡಿ, ಮಾತಿಗೆ ತಪ್ಪಿದ ಮಗನ ಮಾನ ಕಾಯಲು ಬಂದಿದ್ದ ಎಂದೂ ನಂಬಬೇಕಾಗುತ್ತದೆ. ಬದುಕಿದ್ದಾಗಲೂ ಅಪ್ಪ ಹಾಗೆಯೇ, ಅಣ್ಣನ ತಪ್ಪು ಮುಚ್ಚಲು ಯಾವಾಗಲೂ ನನ್ನನ್ನೇ ಸುಳ್ಳಿ ಮಾಡುತ್ತಿದ್ದ. ಅದು ನೆನಪಾದಾಗ ಮಾತ್ರ ನನಗೆ ಹೆದರಿಕೆಯಾಗುತ್ತದೆ.