ನನ್ನ ಓರಗಿತ್ತಿಯ ಹಡಗಿನ ಹಾಸಿಗೆ

ನನ್ನ ಗಂಡನಿಗೆ ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಕೆಲಸ. ಅವರ ಅಣ್ಣನಿಗೆ ವಿಜಯವಾಡದಲ್ಲಿ ಕೆಲಸ. ತುಮಕೂರಿನ ಒಂದೇ ಮನೆಯ ಇಬ್ಬರು ಗಂಡುಮಕ್ಕಳು ಒಂದೇ ಪರನಾಡಿಗೆ ಬಂದು ಸೇರಿದ್ದರಿಂದ, ಹೆಂಡತಿಯರಾದ ನಾವಿಬ್ಬರೂ ಅಕ್ಕತಂಗಿಯರ ಹಾಗಿರುತ್ತೇವೆ ಎಂದು ಅತ್ತೆ ನಂಬಿದ್ದರು. ಮೊದಲ ಎರಡು ವರ್ಷ ಹಾಗೆಯೇ ಇದ್ದೆವು. ನನ್ನ ಓರಗಿತ್ತಿ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ಅವಳ ಕನ್ನಡದಲ್ಲಿ ತೆಲುಗು ಅರ್ಧಕ್ಕರ್ಧ ಬೆರೆತಿತ್ತು, ಅವಳ ಮಕ್ಕಳಂತೂ ಅಜ್ಜಿ ಫೋನ್ ಮಾಡಿದಾಗ ಮಾತ್ರ ಕನ್ನಡ ಆಡುತ್ತಿದ್ದವು.

ಎರಡು ಸಾವಿರದ ಎರಡನೇ ಇಸವಿ ಇರಬೇಕು. ಅವಳ ಮಗಳು ದೊಡ್ಡವಳಾದಳೆಂದು ವಿಜಯವಾಡದ ಭವಾನಿಪುರಂನ ಅವರ ಮನೆಯಲ್ಲಿ ಆರತಿ ಇಟ್ಟುಕೊಂಡಿದ್ದರು. ನಾನಾಗ ನಾಲ್ಕು ತಿಂಗಳ ಬಸುರಿ. ರೈಲಿನಲ್ಲಿ ಹೋದೆವು. ಆರತಿ ಮುಗಿದ ಮರುದಿನ ನನಗೆ ಸ್ವಲ್ಪ ರಕ್ತ ಕಾಣಿಸಿತು. ಅಲ್ಲಿಯ ಡಾಕ್ಟರಮ್ಮ ಪರೀಕ್ಷೆ ಮಾಡಿ, ಒಂದು ತಿಂಗಳು ಎಲ್ಲಿಗೂ ಪ್ರಯಾಣ ಮಾಡಬಾರದು, ಸಮವಾದ ಗಟ್ಟಿ ಹಾಸಿಗೆಯ ಮೇಲೆ ಮಲಗಿಯೇ ಇರಬೇಕು ಎಂದರು. ನನ್ನ ಗಂಡ ರಜೆ ಮುಗಿದು ಡ್ಯೂಟಿಗೆ ಹೊರಟುಹೋದರು. ನಾನು ಉಳಿದೆ.

ಆ ಮನೆಯಲ್ಲಿ ಅತಿಥಿಗಳಿಗೆಂದೇ ಒಂದು ಕೋಣೆ ಇತ್ತು. ತೇಗದ ಜೋಡಿ ಮಂಚ, ಅದರ ಮೇಲೆ ಹೊಸ ಹಾಸಿಗೆ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಹೊದಿಕೆಯನ್ನು ಅಕ್ಕ ತೆಗೆದೇ ಇರಲಿಲ್ಲ. ಭಾವನ ಆಫೀಸಿನ ದೊಡ್ಡವರು ಹೈದರಾಬಾದಿನಿಂದ ಬಂದರೆ ಅಲ್ಲಿ ಇಳಿಸುವುದು ಅವಳ ಆಸೆ. ನನಗೆ ನಡುಮನೆಯ ಪಕ್ಕದ ಮೊಗಸಾಲೆಯಲ್ಲಿ ಒಂದು ನವಾರು ಮಂಚ ಹಾಕಿಕೊಟ್ಟಳು. ನವಾರು ಹಳೆಯದಾಗಿ ನಡುವೆ ಜೋತುಬಿದ್ದಿತ್ತು. ಮಲಗಿದರೆ ಸೊಂಟ ಹಳ್ಳಕ್ಕಿಳಿದು ತಲೆ ಕಾಲು ಎರಡೂ ಮೇಲಾಗುತ್ತಿದ್ದವು. ಭಾವ ಒಮ್ಮೆ, ಒಳಗಿನ ಮಂಚದ ಮೇಲೇ ಮಲಗಲಿ ಬಿಡು ಎಂದಿದ್ದು ನನಗೆ ಕೇಳಿಸಿತು. ಅಕ್ಕ ಏನೋ ತೆಲುಗಿನಲ್ಲಿ ಗೊಣಗಿದಳು. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ನಾನು ಬಾಯಿಬಿಟ್ಟು ಕೇಳಲಿಲ್ಲ. ಇಪ್ಪತ್ತನಾಲ್ಕು ವರ್ಷದವಳು, ಇನ್ನೊಬ್ಬರ ಮನೆಯಲ್ಲಿ ಅನ್ನ ತಿನ್ನುತ್ತಿದ್ದವಳು, ಕೇಳುವುದಾದರೂ ಹೇಗೆ?

ಮೂರನೆಯ ವಾರ, ಒಂದು ಮಧ್ಯಾಹ್ನ, ಹೊಟ್ಟೆ ಹಿಂಡಿ ಬಂತು. ಎದ್ದು ನಿಂತರೆ ಕಾಲಿನಗುಂಟ ಬಿಸಿಯಾಗಿ ಇಳಿಯಿತು. ಅಕ್ಕನನ್ನು ಕೂಗಿದೆ. ಅವಳು ಓಡಿ ಬಂದು ನೋಡಿ, ಪಕ್ಕದ ಮನೆಯವರನ್ನು ಆಟೋ ತರಲು ಕಳಿಸಿದಳು. ಅದರಲ್ಲಿ ಅವಳು ತಡ ಮಾಡಲಿಲ್ಲ, ಸುಳ್ಳು ಹೇಳಬಾರದು. ನಾನು ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಾಕಿದೆ. ಎದುರಿಗೆ ಆ ಕೋಣೆಯ ಬಾಗಿಲು ತೆರೆದಿತ್ತು. ಕಣ್ಣು ಕತ್ತಲಿಡುತ್ತಿತ್ತು. ಮಂಚದ ತುದಿಗೆ ಕೈಯೂರಿ ಕೂರಲು ಹೋದೆ.

"ಅಲ್ಲಿ ಬೇಡ ಕಣಮ್ಮ, ಹೊಸಾ ಹಾಸಿಗೆ, ಕಲೆಯಾಗುತ್ತೆ," ಎಂದಳು ಅಕ್ಕ. "ಕೆಳಗೆ ಕೂತ್ಕೋ. ಈಗ ಆಟೋ ಬರುತ್ತೆ."

ನಾನು ನೆಲದ ಮೇಲೆ ಕೂತೆ.

ಮಗು ಉಳಿಯಲಿಲ್ಲ. ಹಾಸಿಗೆಗೂ ಇದಕ್ಕೂ ಸಂಬಂಧವಿಲ್ಲ, ಎಲ್ಲಿ ಮಲಗಿದ್ದರೂ ಹೀಗೇ ಆಗುತ್ತಿತ್ತು ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಅವರ ಮಾತು ನಿಜವಿರಬಹುದು. ಆದರೆ ಆ ಮಾತನ್ನು ಒಪ್ಪಿಕೊಂಡರೆ ನನ್ನ ಸಿಟ್ಟನ್ನು ಎಲ್ಲಿ ಇಡಲಿ? ಆಸ್ಪತ್ರೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿ ನಾನು ತೀರ್ಮಾನಿಸಿದೆ: ಇವಳೂ ಒಂದು ದಿನ ಹಾಸಿಗೆಗಾಗಿ ಒದ್ದಾಡಬೇಕು, ಆಗ ನಾನು ನೋಡುತ್ತಾ ನಿಂತಿರಬೇಕು.

ಎರಡು ವರ್ಷದ ನಂತರ ನನಗೆ ಮಗಳು ಹುಟ್ಟಿದಳು. ಅಲ್ಲಿಗೆ ಹಳೆಯದೆಲ್ಲ ಮುಗಿಯಿತು ಎಂದು ಮನೆಯವರು ತಿಳಿದರು. ಅಕ್ಕ ಬಾಣಂತನಕ್ಕೆ ಬೆಳ್ಳಿ ಬಟ್ಟಲು ತಂದಳು. ನಾನು ನಗುನಗುತ್ತಾ ತೆಗೆದುಕೊಂಡೆ. ಅವಳನ್ನು ಅಕ್ಕ ಅಕ್ಕ ಎಂದು ಮೊದಲಿಗಿಂತ ಹೆಚ್ಚಾಗಿಯೇ ಕರೆಯುತ್ತಿದ್ದೆ. ಸಿಟ್ಟನ್ನು ತಾಜಾ ಇಟ್ಟುಕೊಳ್ಳಬೇಕಾದರೆ ಮೇಲೆ ಮುಚ್ಚಳ ಗಟ್ಟಿಯಾಗಿರಬೇಕು.

ಇನ್ನೂ ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕನ ಫೋನ್ ಬಂತು. ಭಾವನ ಆಫೀಸಿನ ಒಬ್ಬರು ಸಿಂಗಪುರದಲ್ಲಿ ಕ್ರೂಸ್ ಹಡಗು ಹತ್ತಿ ಬಂದಿದ್ದರಂತೆ. ಅವರ ಹೆಂಡತಿ ಸಮುದ್ರದ ಸುದ್ದಿ ಹೇಳುವುದು ಬಿಟ್ಟು ಬರೀ ಹಾಸಿಗೆಯ ಸುದ್ದಿಯನ್ನೇ ಹೇಳುತ್ತಾಳಂತೆ. ಹೂವಿನ ಹಾಗೆ ಮೆತ್ತಗೆ, ಆದರೂ ಬೆನ್ನು ಕುಸಿಯುವುದಿಲ್ಲ, ಸಾಲದ್ದಕ್ಕೆ ಹಡಗು ತೂಗುತ್ತಿರುತ್ತದೆ, ಬೆಳಗಾಗಿದ್ದೇ ಗೊತ್ತಾಗುವುದಿಲ್ಲ. ಅಕ್ಕನ ಬೀದಿಯ ಹೆಂಗಸರೆಲ್ಲ ಬಾಯಿಬಿಟ್ಟು ಕೇಳಿದ್ದರಂತೆ. ಅಕ್ಕನಿಗೆ ನಿದ್ದೆ ಕೆಟ್ಟಿತ್ತು. ಸಿಂಗಪುರ ಅಲ್ಲದಿದ್ದರೆ ಅಂಡಮಾನಿಗಾದರೂ ಹಡಗಿನಲ್ಲಿ ಹೋಗಲೇಬೇಕಂತೆ.

"ನಿಮ್ಮೂರಿಂದಾನೇ ಹಡಗು ಹೊರಡುತ್ತಂತಲ್ಲ," ಎಂದಳು. "ನೀನೇ ಹೋಗಿ ಟಿಕೆಟ್ ಮಾಡಿಸಮ್ಮ. ಕ್ಯಾಬಿನ್ನೇ ಆಗಬೇಕು. ನಂಗೆ ಬೇರೇನೂ ಬೇಡ, ಹಾಸಿಗೆ ಒಂದು ಚೆನ್ನಾಗಿದ್ರೆ ಸಾಕು."

ನಾನು ಆಗಲಿ ಅಕ್ಕ ಎಂದೆ.

ನಮ್ಮ ಪರಿಚಯದವರೊಬ್ಬರು ಬಂದರಿನಲ್ಲಿ ಅಧಿಕಾರಿ. ಅವರ ಹೆಂಡತಿ ನನಗೆ ಬೇಕಾದವಳು. ಹಡಗು ದಕ್ಕೆಗೆ ಬಂದು ನಿಂತಾಗ ಅವಳ ಜೊತೆ ಪಾಸು ಮಾಡಿಸಿಕೊಂಡು ನೋಡಲು ಹೋದೆ. ಮೊದಲು ಮೇಲಿನ ಕ್ಯಾಬಿನ್ ತೋರಿಸಿದರು. ಪುಟ್ಟ ಕೋಣೆ, ದುಂಡು ಕಿಟಕಿ, ಬಿಳಿ ಚಾದರ. ಹಾಸಿಗೆಯನ್ನು ಅಂಗೈಯಿಂದ ಒತ್ತಿದೆ. ಒತ್ತಿದಷ್ಟೇ ತಗ್ಗಿ ಮತ್ತೆ ಎದ್ದಿತು. ಸಿಂಗಪುರದ ಹಡಗಿನಷ್ಟು ಅಲ್ಲದಿರಬಹುದು, ಆದರೂ ಭವಾನಿಪುರಂನ ಹೆಂಗಸರಿಗೆ ವರ್ಣಿಸಲು ಅಷ್ಟು ಸಾಕಾಗಿತ್ತು. ಆಮೇಲೆ ನಾನೇ ಕೇಳಿಕೊಂಡು ಕೆಳಗಿಳಿದೆ. ಅಲ್ಲಿ ಬಂಕ್ ದರ್ಜೆ. ಒಂದೇ ದೊಡ್ಡ ಹಾಲಿನಲ್ಲಿ ಸಾಲುಸಾಲಾಗಿ ಕಬ್ಬಿಣದ ಎರಡಂತಸ್ತಿನ ಮಂಚಗಳು, ಹರಿದ ರೆಕ್ಸಿನ್ನಿನ ತೆಳು ಹಾಸಿಗೆಗಳು, ಡೀಸೆಲ್ ಮತ್ತು ಫಿನಾಯಿಲ್ ಸೇರಿದ ವಾಸನೆ. ಹಡಗು ನಿಂತಿದ್ದರೂ ಎಂಜಿನ್ನಿನ ನಡುಕ ಹಲ್ಲಿಗೆ ತಾಗುತ್ತಿತ್ತು. ಒಂದು ಮಂಚದ ಮೇಲೆ ನಾನು ಮಲಗಿ ನೋಡಿದೆ. ಗೆಳತಿ ನಕ್ಕಳು. ಕಬ್ಬಿಣದ ಪಟ್ಟಿ ಸೊಂಟಕ್ಕೆ ಸರಿಯಾಗಿ ಒತ್ತುತ್ತಿತ್ತು. ಎರಡೂವರೆ ದಿನದ ಪ್ರಯಾಣ.

ಟಿಕೆಟ್ ಕಚೇರಿಯ ಗುಮಾಸ್ತ ಮರ್ಯಾದಸ್ಥ. "ಕ್ಯಾಬಿನ್‌ಲು ರೆಂಡು ಉನ್ನಾಯಂಡಿ," ಎಂದ, ಎರಡು ಕ್ಯಾಬಿನ್ ಇವೆ ಎಂದು. ನಾನು ಬಂಕ್ ಸಾಕು ಎಂದೆ. ಅವನು ತಲೆಯೆತ್ತಿ, ಅಭ್ಯಾಸವಿಲ್ಲದವರಿಗೆ ಕಷ್ಟವಾಗುತ್ತದೆ ಎಂದು ಹೇಳಿದ. ಪರವಾಗಿಲ್ಲ, ಅವರಿಗೆ ಅಭ್ಯಾಸವಿದೆ ಎಂದೆ. ಫಾರಂ ತುಂಬುವಾಗ ನನ್ನ ಅಕ್ಷರ ಎಂದಿಗಿಂತ ದುಂಡಗೆ ಬಂತು.

ಸಂಜೆ ಅಕ್ಕನಿಗೆ ಫೋನ್ ಮಾಡಿ, ಕ್ಯಾಬಿನ್ ಎಲ್ಲ ಭರ್ತಿಯಾಗಿವೆ, ಬಂಕ್ ಮಾತ್ರ ಸಿಕ್ಕಿತು, ಅದೂ ಚೆನ್ನಾಗಿಯೇ ಇದೆಯಂತೆ ಎಂದೆ. ಅಷ್ಟರಲ್ಲಿ ಅವಳು ಬೀದಿಗೆಲ್ಲ ಹೇಳಿಕೊಂಡು ಆಗಿತ್ತು, ಹೊಸ ನೈಟಿ ಕೂಡ ಕೊಂಡಿದ್ದಳು. ಬೇಡ ಎನ್ನುವ ದಾರಿ ಅವಳಿಗಿರಲಿಲ್ಲ. ಅದು ನನಗೆ ಗೊತ್ತಿತ್ತು.

ಹಡಗು ಹೊರಡುವ ಹಿಂದಿನ ದಿನ ಇಬ್ಬರೂ ನಮ್ಮ ಕ್ವಾರ್ಟರ್ಸಿಗೆ ಬಂದರು. ನಾನು ನಮ್ಮ ಮಂಚವನ್ನೇ ಅವರಿಗೆ ಬಿಟ್ಟುಕೊಟ್ಟೆ. ಹತ್ತಿಯನ್ನು ಹೊಸದಾಗಿ ಹಿಂಜಿಸಿ ಹೊಲಿಸಿದ ಹಾಸಿಗೆ, ಇಸ್ತ್ರಿ ಮಾಡಿದ ಚಾದರ. ಬೆಳಿಗ್ಗೆ ಅಕ್ಕ ಮೈಮುರಿಯುತ್ತಾ, ಎಷ್ಟು ಒಳ್ಳೆಯ ನಿದ್ದೆ ಬಂತು ಎಂದಳು. ನನಗೆ ಬೇಕಾಗಿದ್ದೂ ಅದೇ. ವ್ಯತ್ಯಾಸ ಚೆನ್ನಾಗಿ ತಿಳಿಯಲಿ ಎಂದು.

ಬಂದರಿನ ಗೇಟಿನಲ್ಲಿ ಬೀಳ್ಕೊಡುವಾಗ ಭಾವ ನನ್ನ ಮಗಳ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು, ನಿನಗೆ ತುಂಬಾ ತೊಂದರೆ ಕೊಟ್ಟೆವಮ್ಮ ಎಂದರು. ನನ್ನ ಲೆಕ್ಕಾಚಾರದಲ್ಲಿ ಅವರನ್ನು ನಾನು ಮರೆತೇಬಿಟ್ಟಿದ್ದೆ. ನಾನು ಆಸ್ಪತ್ರೆಯಲ್ಲಿದ್ದಾಗ ದಿನವೂ ಎಳನೀರು ತಂದುಕೊಟ್ಟವರು ಅವರು. ಟಿಕೆಟ್ ಬದಲಾಯಿಸಿಬಿಡಲೇ ಎಂದು ಒಂದು ಕ್ಷಣ ಯೋಚಿಸಿದೆ. ಆದರೆ ಅಕ್ಕ ಆಗಲೇ ದೊಡ್ಡ ಸೂಟ್‌ಕೇಸ್ ಎಳೆಯುತ್ತಾ ಮುಂದೆ ಹೋಗುತ್ತಿದ್ದಳು. ಅವಳ ಬೆನ್ನು ಕಂಡದ್ದೇ ಆ ಯೋಚನೆ ಬಿಟ್ಟೆ.

ಮರುದಿನ ಭಾನುವಾರ. ಮಗಳಿಗೆ ಸಮುದ್ರ ತೋರಿಸಲು ಭೀಮುನಿಪಟ್ಟಣಕ್ಕೆ ಹೋಗಿದ್ದೆವು. ಗಾಳಿ ಜೋರಾಗಿತ್ತು. ಬೆಸ್ತರು ದೋಣಿ ಇಳಿಸದೆ ದಡದಲ್ಲಿ ಕೂತು ಬಲೆ ರಿಪೇರಿ ಮಾಡುತ್ತಿದ್ದರು. ಇವತ್ತು ಅಲೆ ಸರಿಯಿಲ್ಲ ಎಂದು ನನ್ನ ಗಂಡ ಅಣ್ಣನನ್ನು ನೆನೆದು ಪೇಚಾಡಿದರು. ನಾನು ಮಗಳನ್ನು ಎತ್ತಿಕೊಂಡು ನೀರಿನ ಅಂಚಿಗೆ ನಿಂತು, ಇನ್ನೂ ದೊಡ್ಡದು ಬರಲಿ, ಇನ್ನೂ ದೊಡ್ಡದು ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಅಷ್ಟು ಸಂತೋಷವಾಗಿ ನಾನು ಸಮುದ್ರವನ್ನು ಹಿಂದೆಂದೂ ನೋಡಿರಲಿಲ್ಲ.

ಅಂಡಮಾನಿನಿಂದ ಅವರು ಹಡಗು ಹತ್ತದೆ ವಿಮಾನದಲ್ಲಿ ಚೆನ್ನೈಗೆ ಬಂದು ಅಲ್ಲಿಂದ ವಿಜಯವಾಡ ಸೇರಿದರು. ಅಕ್ಕ ಫೋನಿನಲ್ಲಿ ಎಲ್ಲ ಚೆನ್ನಾಗಿತ್ತು ಎಂದಷ್ಟೇ ಹೇಳಿದಳು. ನಿಜವಾದ ವರದಿ ನನಗೆ ಸಿಕ್ಕಿದ್ದು ಎರಡು ತಿಂಗಳ ಮೇಲೆ, ತುಮಕೂರಿನಲ್ಲಿ, ನಮ್ಮ ನಾದಿನಿಯ ಗೃಹಪ್ರವೇಶದಲ್ಲಿ. ಊಟವಾದ ಮೇಲೆ ಹೆಂಗಸರೆಲ್ಲ ಹೊಸ ಹಾಲಿನಲ್ಲಿ ಎಲೆಯಡಿಕೆ ಹಾಕುತ್ತಾ ಕೂತಿದ್ದೆವು. ಯಾರೋ ಹಡಗಿನ ಸುದ್ದಿ ಕೇಳಿದರು. ಅಕ್ಕ ಶುರುಮಾಡಿದಳು. ಹಾಸಿಗೆ ಎಂದರೆ ಹಂಸತೂಲಿಕಾತಲ್ಪವೇ ಸರಿ, ಮಲಗಿದರೆ ಏಳಲು ಮನಸ್ಸೇ ಬರುತ್ತಿರಲಿಲ್ಲ, ಐಷಾರಾಮಿ ಹಡಗುಗಳಲ್ಲಿ ಹಾಸಿಗೆಗೇ ಮೊದಲ ಮರ್ಯಾದೆ. ಸಿಂಗಪುರಕ್ಕೆ ಹೋಗಿಬಂದವಳ ಮಾತುಗಳನ್ನೇ ಒಂದೂ ಬಿಡದೆ ಹೇಳುತ್ತಿದ್ದಳು. ಅತ್ತೆ ಬೆರಗಾಗಿ ಕೇಳುತ್ತಿದ್ದರು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಕಿಟಕಿ ಇತ್ತಾ ಅಕ್ಕ ಎಂದು ಕೇಳಿದೆ. ಇತ್ತು ಎಂದಳು. ಚೌಕವೋ ದುಂಡೋ ಎಂದೆ. ದುಂಡು ಎಂದಳು. ಚಾದರ ದಿನಾ ಬದಲಾಯಿಸುತ್ತಿದ್ದರಾ? ಹ್ಞೂಂ. ಒಂದೇ ಮಂಚವೋ, ಬೇರೆ ಬೇರೆಯೋ? ಒಂದೊಂದು ಪ್ರಶ್ನೆಗೂ ಅವಳು ಇನ್ನೊಂದು ಸುಳ್ಳು ಪೋಣಿಸಬೇಕಾಗುತ್ತಿತ್ತು. ಹಣೆಯ ಮೇಲೆ ಬೆವರು ಮೂಡಿತು. ನನ್ನನ್ನು ನೋಡುವುದನ್ನೇ ಬಿಟ್ಟಳು. ಕೊನೆಗೆ ಅತ್ತೆ, ನನ್ನನ್ನೂ ಒಂದು ಸಲ ಅದರಲ್ಲಿ ಮಲಗಿಸಿಕೊಂಡು ಬಾಮ್ಮ ಎಂದರು. ಅಕ್ಕ ಎದ್ದು ನೀರು ಕುಡಿಯುವ ನೆಪದಲ್ಲಿ ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋದೆ.

ಅವಳು ತೊಟ್ಟಿಯ ಪಕ್ಕ ನಿಂತಿದ್ದಳು. ಹಡಗಿನಲ್ಲಿ ಮೊದಲ ದಿನದಿಂದಲೇ ವಾಂತಿ ಹತ್ತಿತು ಎಂದು ತಾನಾಗಿಯೇ ಹೇಳಿದಳು. ಸೊಂಟ ಹಿಡಿದು ಪಕ್ಕಕ್ಕೆ ಹೊರಳಲೂ ಆಗಲಿಲ್ಲವಂತೆ. ಮೇಲಿನ ಮಂಚದಲ್ಲಿದ್ದ ಒಬ್ಬ ಕೂಲಿ ಹೆಂಗಸು ತನ್ನ ಸೀರೆ ಮಡಿಸಿ ಅವಳ ಕೆಳಗೆ ಹಾಸಿ, ಮೈಯೊರೆಸಿದಳಂತೆ. ಆಮೇಲೆ ನನ್ನ ಮುಖ ನೋಡಿ ಹೇಳಿದಳು: "ಮೇಲೆ ಕ್ಯಾಬಿನ್ ಖಾಲಿ ಇತ್ತು. ನಿಮ್ಮ ಭಾವ ಹೋಗಿ ವಿಚಾರಿಸಿದ್ರು. ಯಾಕೆ ಹೀಗೆ ಮಾಡ್ದೆ?"

ಹಾಗಾದರೆ ಹಾಲಿನಲ್ಲಿ ಆ ಸುಳ್ಳುಗಳನ್ನೆಲ್ಲ ಅವಳು, ನಾನು ಬೇಕೆಂದೇ ಹೀಗೆ ಮಾಡಿದೆನೆಂದು ಗೊತ್ತಿದ್ದೂ, ನನ್ನ ಮುಂದೆಯೇ ಹೇಳಿದ್ದಳು. ನಾಲ್ಕು ವರ್ಷದಿಂದ ಈ ಪ್ರಶ್ನೆಗೆ ಉತ್ತರವನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಜೋರಾಗಿ, ಎಲ್ಲರೆದುರು. ಈಗ ಮೆಲ್ಲಗೆ ಬಂತು.

"ಅವತ್ತು ರಕ್ತ ಹೋಗ್ತಿದ್ದಾಗ ಮಂಚದ ಮೇಲೆ ಕೂರೋಕೆ ಬಂದೆ. ಕಲೆಯಾಗುತ್ತೆ, ಕೆಳಗೆ ಕೂತ್ಕೋ ಅಂದ್ರಿ."

ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. ನಾಟಕವಾಡುತ್ತಿಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು. "ಹಾಗಂದಿದ್ನಾ ನಾನು?" ಎಂದಳು.

ನಾನು ಕಾಯ್ದುಕೊಂಡು ಬಂದ ಮಾತು ಅವಳಲ್ಲಿ ಒಂದು ದಿನವೂ ಉಳಿದಿರಲಿಲ್ಲ. ನನಗೆ ಮತ್ತೆ ಸಿಟ್ಟು ಬಂತು, ಮೊದಲಿಗಿಂತ ಜಾಸ್ತಿ. ಹೌದು ಅಂದಿದ್ದಿರಿ ಎಂದು ಹೇಳಿ ಒಳಗೆ ಬಂದೆ. ಅವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು. ಯಾರೋ ಕೇಳಿದ್ದಕ್ಕೆ ಹೊಸ ಮನೆಯ ಸುಣ್ಣದ ಧೂಳು ಎಂದಳು.

ಅವಳು ಕ್ಷಮೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬಂಕಿನ ವಿಷಯ ಅವಳೂ ಭಾವನೂ ಯಾರಿಗೂ ಹೇಳಲಿಲ್ಲ. ನನ್ನ ಗಂಡನಿಗೆ ಇವತ್ತಿಗೂ ಗೊತ್ತಿಲ್ಲ. ಭಾವನ ವಿಷಯದಲ್ಲಿ ನನಗೆ ನಾಚಿಕೆಯಿದೆ. ಅಕ್ಕನ ವಿಷಯದಲ್ಲಿ ಇಲ್ಲ. ಮತ್ತೆ ಆ ಫಾರಂ ಕೈಗೆ ಬಂದರೂ ಬಂಕ್ ಎಂದಿರುವಲ್ಲೇ ಗುರುತು ಹಾಕುತ್ತೇನೆ.

ಅವತ್ತಿನಿಂದ ಒಂದು ಮಾತ್ರ ಬದಲಾಗಿದೆ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಅವಳು ನನ್ನನ್ನು ಏಕವಚನದಲ್ಲಿ ಕರೆಯುವುದಿಲ್ಲ. ಬನ್ನಿ, ಊಟ ಆಯ್ತಾ, ಕೂತ್ಕೊಳ್ಳಿ ಎನ್ನುತ್ತಾಳೆ. ನಾದಿನಿಗೆ ಇದು ವಿಚಿತ್ರ. ಆಂಧ್ರದಲ್ಲಿದ್ದು ಇದ್ದು ಅತ್ತಿಗೆಗೆ ತೆಲುಗಿನವರ ಹಾಗೆ ಎಲ್ಲರಿಗೂ ಅಂಡಿ ಅಂತ ಮರ್ಯಾದೆ ಕೊಡೋ ಅಭ್ಯಾಸ ಆಗಿಬಿಟ್ಟಿದೆ ಎಂದು ನಗುತ್ತಾಳೆ. ನಾನೂ ಅವಳ ಜೊತೆ ನಗುತ್ತೇನೆ, ಅಕ್ಕ ತೋರಿಸಿದ ಕುರ್ಚಿಯ ಮೇಲೆ ಕೂರುತ್ತೇನೆ.