ಗ್ಯಾರಂಟಿ ಇಲ್ಲ ಎಂಬ ಸಾಲು

ಭದ್ರಾವತಿಯ ಕಾಲೇಜಿನಲ್ಲಿ ನನ್ನ ಜೊತೆ ಕಂಪ್ಯೂಟರ್ ಕಲಿಸುತ್ತಿದ್ದ ಮೇಡಂ ಅಲ್ಲೇ ಕಾಗದನಗರದಲ್ಲಿದ್ದರು. ಕಣ್ಣು ಕಾಣದವರಿಗೆ ಕನ್ನಡ ಪುಸ್ತಕ ಓದಿ ಹೇಳುವ ಸಾಫ್ಟ್‌ವೇರ್ ಬರೆದು ಉಚಿತವಾಗಿ ಹಂಚಿದ್ದರು. ಪ್ರತಿ ಹೊಸ ಆವೃತ್ತಿಗೂ ಮೊದಲು ಟವೆಲಿನಿಂದ ಕಣ್ಣು ಕಟ್ಟಿಕೊಂಡು, ಗಲ್ಲ ಎತ್ತಿ ಕೂತು ಕೇಳುತ್ತಿದ್ದರು.

“ಪುಕ್ಕಟೆ ಕೊಡೋದಕ್ಕೆ ಇಷ್ಟೆಲ್ಲ ಯಾಕೆ ಮೇಡಂ?” ಎಂದರೆ ಯಾವಾಗಲೂ ಒಂದೇ ಉತ್ತರ: “ದಾಸೋಹ ಅಂತ ಸೀದ ಅನ್ನ ಬಡಿಸ್ತಾರಾ ಮಾರಾಯ?”

ಒಮ್ಮೆ ಕುಂಸಿಯ ಅಂಧ ಮೇಷ್ಟ್ರೊಬ್ಬರು ಯಾರ್ಯಾರನ್ನೋ ಕೇಳಿ, ನಂಬರ್ ಹುಡುಕಿ ಅವರಿಗೆ ಫೋನ್ ಮಾಡಿದರು. ಹೊಸ ಆವೃತ್ತಿ ನಡುನಡುವೆ ಸಾಲುಗಳನ್ನೇ ನುಂಗುತ್ತಿತ್ತಂತೆ. ಅದನ್ನು ಕೇಳಿಕೊಂಡು ಮಾಡಿದ ಪಾಠ ತಪ್ಪಿದ್ದಕ್ಕೆ ಮಕ್ಕಳು ನಕ್ಕರಂತೆ.

ಪಕ್ಕದಲ್ಲಿದ್ದ ನಾನು ಪಿಸುಗುಟ್ಟಿದೆ: “ಗ್ಯಾರಂಟಿ ಇಲ್ಲ ಅಂತ ಡೌನ್‌ಲೋಡ್ ಪುಟದ ಕೆಳಗೆ ಹಾಕಿದೀರಲ್ಲ ಮೇಡಂ, ಯಾರೂ ಕೇಳೋ ಹಾಗಿಲ್ಲ.”

ಅವರು ನನ್ನತ್ತ ತಿರುಗಲೂ ಇಲ್ಲ. “ತಪ್ಪು ನಂದು ಸಾರ್, ನಾಳೆ ನಿಮ್ಮ ಶಾಲೆಗೇ ಬರ್ತೀನಿ” ಎಂದು ಫೋನಿಟ್ಟರು. ಹೊಸ ಆವೃತ್ತಿಯನ್ನು ತೆಗೆದು ಹಳೆಯದನ್ನೇ ಮತ್ತೆ ಹಾಕಿದರು. ಆಮೇಲೆ ಗ್ಯಾರಂಟಿ ಇಲ್ಲ ಎಂಬ ಸಾಲನ್ನು ಅಳಿಸಿ, ಆ ಜಾಗದಲ್ಲಿ ತಮ್ಮ ಫೋನ್ ನಂಬರ್ ಬರೆದರು.

ಈಗ ಶಿವಮೊಗ್ಗದಲ್ಲಿ ಕೂತು ನಾನೂ ಸಾಫ್ಟ್‌ವೇರ್ ಬರೆದು ಉಚಿತವಾಗಿ ಹಂಚುತ್ತೇನೆ. ಆ ಸಾಲಿನ ಜಾಗದಲ್ಲಿ ನನ್ನ ನಂಬರ್ ಇದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಸಾಕು, ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.